ಗಂಧ, ತೈಲ, ಬಿಸಿನೀರು: ದೋರಸಮುದ್ರದ ಕಾಲದ ಸ್ನಾನವಿಚಾರ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ದರ್ಶಿಸಲು ಹೋಗುವ ಸದ್ಭಕ್ತರು ಜಗತಿಯ ಮೇಲಿನ ಆನೆ, ಸಿಂಹ, ಕುದುರೆಗಳ ಸಾಲುಗಳನ್ನೂ ಅವುಗಳ ಮೇಲಿನ ರಾಮಾಯಣ ಮಹಾಭಾರತಗಳ ಕಥಾಪಟ್ಟಿಕೆಗಳನ್ನೂ ಕಂಡು ಬೆರಗುಗೊಂಡು ಹಿಂದಿರುಗುವುದು ವಾಡಿಕೆ. ಆ ಕಲ್ಲನ್ನು ಕಂಡರಿಸಿದವನ ತೋಳು ಸಂಜೆಯ ವೇಳೆಗೆ ಎಷ್ಟು ಸೋತಿರಬೇಕು, ದಿನವಿಡೀ ಬಾಗಿ ಕುಳಿತ ಅವನ ಬೆನ್ನು ಎಷ್ಟು ಬಿಗಿದಿರಬೇಕು, ಆ ನೋವನ್ನು ಅವನು ಯಾವುದರಿಂದ ಕಳೆದುಕೊಂಡನು ಎಂದು ಆಲೋಚಿಸುವವರು ವಿರಳ. ಕ್ರಿ.ಶ. 1121ರ ಸುಮಾರಿಗೆ ಆರಂಭವಾದ ಆ ಕೆಲಸ ದಶಕಗಳ ಕಾಲ ನಡೆಯಿತು. ರಾಜರ ಬಿರುದುಗಳನ್ನು ಶಾಸನಗಳು ಪುಟಗಟ್ಟಲೆ ಹೇಳುತ್ತವೆ. ಕೈಗಳ ನೋವನ್ನು ಹೇಳುವುದಿಲ್ಲ. ಈ ಲೇಖನದ ವಿಷಯ ಆ ನೋವೂ ಅದನ್ನು ಶಮನಗೊಳಿಸಿದ ಸುಗಂಧಸ್ನಾನವೂ ಆಗಿದೆ.

ಇಂದಿನ ದಿನಗಳಲ್ಲಿ ಪರಿಮಳದ ಎಣ್ಣೆ, ಪರಿಮಳದ ಉಪ್ಪು, ಪರಿಮಳದ ಸಾಬೂನುಗಳು ಅಂಗಡಿಗಳಲ್ಲಿ ರಾಶಿರಾಶಿಯಾಗಿ ದೊರೆಯುತ್ತವೆ. ಮೈಕೈ ನೋವು ಹೋಗುವುದೆಂದೂ ಮನಸ್ಸು ತಿಳಿಯಾಗುವುದೆಂದೂ ಅವುಗಳ ಮೇಲೆ ಬರೆದಿರುತ್ತದೆ. ಕೆಲವು ಪೊಟ್ಟಣಗಳ ಮೇಲೆ 'ಪ್ರಾಚೀನ ರಾಜಮನೆತನದ ಗುಟ್ಟು' ಎಂಬಂಥ ಮಾತೂ ಇರುವುದುಂಟು. ನಮ್ಮ ನಾಡಿನ ಅರಸರು ನಿಜವಾಗಿ ಹೇಗೆ ಮೀಯುತ್ತಿದ್ದರು ಎಂಬುದಕ್ಕೆ ಲಿಖಿತ ಆಧಾರವಿದೆ. ಆಧಾರವಿರುವಾಗ ಪೊಟ್ಟಣದ ಮಾತನ್ನು ನಂಬಿ ಕುಳಿತುಕೊಳ್ಳುವ ಅಗತ್ಯ ವಾಚಕರಿಗಿಲ್ಲ.

ಆ ಆಧಾರ ದೊರೆಯುವುದು ಹೊಯ್ಸಳರಲ್ಲಿ ಅಲ್ಲ, ಅವರು ಯಾರಿಗೆ ಮಾಂಡಲಿಕರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರಲ್ಲಿ. ಈ ಭೇದವನ್ನು ಮೊದಲೇ ಮನಗಾಣುವುದು ಒಳ್ಳೆಯದು. ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನು ದೋರಸಮುದ್ರದಿಂದ ಆಳುತ್ತಿದ್ದಾಗಲೇ, ಕಲ್ಯಾಣದ ಸಿಂಹಾಸನದಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕುಳಿತನು. ಅವನ ಆಳ್ವಿಕೆ 1126ರಿಂದ 1138ರ ವರೆಗೆ. 'ಭೂಲೋಕಮಲ್ಲ', 'ಸರ್ವಜ್ಞಭೂಪ' ಎಂಬ ಬಿರುದುಗಳು ಅವನಿಗಿದ್ದವು. ಯುದ್ಧದಲ್ಲಿ ತಂದೆಯಷ್ಟು ಸಮರ್ಥನಲ್ಲದ ಈ ಅರಸನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ' ಎಂಬ ಮಹಾಗ್ರಂಥವನ್ನು ರಚಿಸಿದನು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಿಂದ ಅದರ ಮೊದಲ ಭಾಗ 1926ರಲ್ಲಿ ಪ್ರಕಟವಾಯಿತು. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಮೂರು ಸಂಪುಟಗಳಾಗಿ ಬಂದಿತು. ಇದೇ ಕಲ್ಯಾಣದಲ್ಲಿ ಮುಂದೆ ಎರಡು ಮೂರು ದಶಕಗಳೊಳಗೆ ಬಿಜ್ಜಳನ ಕಾಲದಲ್ಲಿ ಬಸವಾದಿ ಶರಣರು ನೆರೆದರೆಂಬುದನ್ನು ನಮ್ಮ ವಾಚಕರಿಗೆ ನೆನಪಿಸಬೇಕಾಗಿಲ್ಲ.

ಮಾನಸೋಲ್ಲಾಸದ ಮೂರನೆಯ ವಿಂಶತಿಯಲ್ಲಿ ಅರಸನ ಇಪ್ಪತ್ತು ಉಪಭೋಗಗಳ ವರ್ಣನೆಯಿದೆ. ಗೃಹ, ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯ ಎಂದು ಅದು ಸಾಗುತ್ತದೆ. ಮನೆಯಾದೊಡನೆ ಸ್ನಾನವೇ ಬಂದಿರುವುದನ್ನು ಗಮನಿಸಿ. ಅನ್ನದ ಸರದಿ ಎಷ್ಟೋ ಮುಂದೆ. ಸ್ನಾನ, ಮೈಗೆ ಗಂಧ ಲೇಪಿಸುವ ವಿಲೇಪನ, ಕಾಲಿಗೆ ಎಣ್ಣೆ ತಿಕ್ಕುವ ಪಾದಾಭ್ಯಂಗ, ಧೂಪ, ಇವು ನಾಲ್ಕಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಒಂದು ದೊಡ್ಡ ರಾಜ್ಯದ ಅಧಿಪತಿ ಕಾಲು ತಿಕ್ಕಿಸಿಕೊಳ್ಳುವ ಕ್ರಮಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನೆಂದರೆ ಕೆಲವರಿಗೆ ನಗು ಬಂದೀತು. ಆದರೆ ಆ ಕಾಲದ ಆಯುರ್ವೇದ ಗ್ರಂಥಗಳನ್ನು ಓದಿದವರಿಗೆ ಇದು ವಿಚಿತ್ರವೆನಿಸದು. ಚರಕನು ಎಣ್ಣೆ ಕಂಡ ಮೈಯನ್ನು ಎಣ್ಣೆ ಕಂಡ ಗಾಡಿಯ ಅಚ್ಚಿಗೆ ಹೋಲಿಸಿ ಅದರ ಬಾಳಿಕೆಯನ್ನು ವಿವರಿಸಿದನು. ವಾಗ್ಭಟನು ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಿಧಿಸಿದನು.

ಸ್ನಾನೋಪಭೋಗದಲ್ಲಿ ಮೊದಲು ಬರುವುದು ತೈಲ. ಕೇದಗೆ, ಸುರಹೊನ್ನೆ, ಸಂಪಿಗೆಗಳ ಪರಿಮಳವನ್ನು ಎಳ್ಳಿಗೆ ಹತ್ತಿಸಿ, ಆ ಎಳ್ಳನ್ನು ಗಾಣದಲ್ಲಿ ಹಿಂಡಿ ತೆಗೆದ ಎಣ್ಣೆ ಅದು. ಇಲ್ಲಿನ ಯುಕ್ತಿಯನ್ನು ಸ್ವಲ್ಪ ವಿವರಿಸಬೇಕು. ಹೂವನ್ನು ಬಿಸಿಯೆಣ್ಣೆಯಲ್ಲಿ ಕುದಿಸಿದರೆ ಸೂಕ್ಷ್ಮವಾದ ಪರಿಮಳ ಹಾರಿಹೋಗುತ್ತದೆ. ಎಳ್ಳಿನ ಒಂದು ಪದರ, ಹೂವಿನ ಒಂದು ಪದರ ಹರಡಿ, ಬಾಡಿದ ಹೂವನ್ನು ತೆಗೆದು ಹೊಸ ಹೂವನ್ನು ಹಾಸುತ್ತ ಬಂದರೆ ಕಾಳಿನೊಳಗಿನ ಜಿಡ್ಡು ಆ ಪರಿಮಳವನ್ನು ತಾನಾಗಿ ಹೀರಿಕೊಳ್ಳುತ್ತದೆ. ಮಲ್ಲಿಗೆಯ ತೈಲವನ್ನು ಉತ್ತರ ಭಾರತದಲ್ಲಿ ಹೀಗೆಯೇ ತೆಗೆಯುತ್ತ ಬಂದರು. ಫ್ರಾನ್ಸ್ ದೇಶದ ಗ್ರಾಸ್ ಪಟ್ಟಣದವರು ಗಾಜಿನ ಹಲಗೆಯ ಮೇಲೆ ಕೊಬ್ಬನ್ನು ಸವರಿ ಅದರ ಮೇಲೆ ಹೂ ಹರಡಿ ಅತ್ತರು ತೆಗೆದದ್ದೂ ಇದೇ ತತ್ತ್ವದಿಂದ. ಎಳ್ಳೆಂಬ ಒಂದು ಸಣ್ಣ ಕಾಳಿನಲ್ಲಿ ಪರಿಮಳವನ್ನು ಸೆರೆಹಿಡಿದ ಜಾಣ್ಮೆ ನಮ್ಮ ಗಾಣಿಗರದೆಂದು ಹೇಳಿಕೊಳ್ಳಲು ಸಂಕೋಚವೇಕೆ?

ಎಣ್ಣೆ ಹಚ್ಚುವವರು ಬಲಿಷ್ಠರಾದ ತರುಣ ಮಲ್ಲರು. ಅದು ಕೇವಲ ಸವರುವ ಕೆಲಸವಲ್ಲ, ಮರ್ದನ. ಆಮೇಲೆ ಜಿಡ್ಡನ್ನು ತೆಗೆಯಲು ಕೋಷ್ಠ, ಕೊನ್ನಾರಿಗಡ್ಡೆ, ತಗರ, ಜಟಾಮಾಂಸಿ, ಬೇವಿನೆಲೆ, ತುಳಸಿ ಮೊದಲಾದವುಗಳನ್ನು ಅರೆದು ತಿಕ್ಕುವ ಉದ್ವರ್ತನ, ತಲೆಗೆ ನೆಲ್ಲಿಕಾಯಿ, ಕೊನೆಗೆ ಬಿಸಿನೀರು. ಈ ಪಟ್ಟಿಯಲ್ಲಿ ಸುವಾಸನೆಗೆಂದೇ ಇರುವ ವಸ್ತುಗಳಿಗೂ ಚರ್ಮದ ಕಜ್ಜಿ ತುರಿಗಳಿಗೆ ಬಳಸುತ್ತಿದ್ದ ವಸ್ತುಗಳಿಗೂ ನಡುವೆ ಗೆರೆ ಎಳೆಯಲು ಬಾರದು. ವೈದ್ಯ, ಗಂಧಿಗ, ಅಡಿಗೆಯವನು, ಈ ಮೂವರೂ ಒಂದೇ ಪೆಟ್ಟಿಗೆಯಿಂದ ಸಾಮಗ್ರಿ ತೆಗೆಯುತ್ತಿದ್ದ ಕಾಲವದು.

ಈ ಶಾಸ್ತ್ರಕ್ಕೆ 'ಗಂಧಯುಕ್ತಿ' ಎಂದು ಹೆಸರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಅಧ್ಯಾಯವನ್ನು ಕೊಟ್ಟು, ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆಯ್ದರೆ 1820 ಬಗೆಯ ಕೂಟಗಳಾಗುತ್ತವೆಂದು ಲೆಕ್ಕ ಹಾಕಿದನು. ಕನ್ನಡದಲ್ಲಿ ಇದರ ಹಿರಿಮೆ ಇಮ್ಮಡಿ ಚಾವುಂಡರಾಯನಿಗೆ ಸಲ್ಲಬೇಕು. 1025ರ ಸುಮಾರಿನ ಅವನ 'ಲೋಕೋಪಕಾರ'ದಲ್ಲಿ ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಪಾಕ, ವೈದ್ಯಗಳೊಡನೆ ಸುಗಂಧದ್ರವ್ಯಗಳ ಪ್ರಕರಣವೂ ಇದೆ. ಸೋಮೇಶ್ವರನ ಗ್ರಂಥಕ್ಕಿಂತ ಅದು ಒಂದು ನೂರು ವರ್ಷ ಹಿಂದಿನದು. ಗ್ರಂಥದ ಹೆಸರನ್ನು ನೋಡಿ: ಒಂದು ಅರಸನ ಮನಸ್ಸಿನ ಉಲ್ಲಾಸಕ್ಕೆ, ಇನ್ನೊಂದು ಲೋಕದ ಉಪಕಾರಕ್ಕೆ. ನಮಗೆ ಎರಡನೆಯದರ ಮೇಲೆ ಒಲವು ಹೆಚ್ಚು. ಸಂಸ್ಕೃತವರಿಯದ ಗೃಹಸ್ಥನಿಗೆ ತಿಳಿಯಲೆಂದು ಅದು ಕನ್ನಡದಲ್ಲಿ ಹುಟ್ಟಿತು.

ಸುಗಂಧದ್ರವ್ಯಗಳು ದೋರಸಮುದ್ರದಂಥ ರಾಜಧಾನಿಗೆ ಬಂದ ದಾರಿಯೂ ಕುತೂಹಲಕರ. ಶ್ರೀಗಂಧ ನಮ್ಮದೇ ಕಾಡಿನದು. ಏಲಕ್ಕಿ ಮಲೆನಾಡಿನದು. ಆದರೆ ಕೇಸರಿ ಕಾಶ್ಮೀರದಿಂದ, ಕಸ್ತೂರಿ ಹಿಮಾಲಯದಿಂದ, ಉತ್ತಮವಾದ ಕರ್ಪೂರ ಸುಮಾತ್ರಾ ದ್ವೀಪದಿಂದ ಬರಬೇಕು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಇವನ್ನು ಕತ್ತೆ, ಕೋಣ, ಬಂಡಿಗಳ ಮೇಲೆ ಹೇರಿ ತರುತ್ತಿದ್ದರು. ಶಿಕಾರಿಪುರ ತಾಲ್ಲೂಕಿನ 11ನೇ ಶತಮಾನದ ಶಾಸನವೊಂದು ಅವರ ಸರಕುಗಳಲ್ಲಿ ಏಲಕ್ಕಿ, ಲವಂಗ, ಗುಗ್ಗುಳ, ಚಂದನ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳನ್ನು ಎಣಿಸುತ್ತದೆ. ಕರ್ಪೂರದ ಬಂದರಾಗಿದ್ದ ಸುಮಾತ್ರಾದ ಬಾರೂಸ್ ಬಳಿಯ ಲೋಬು ತುವಾದಲ್ಲಿ ಈ ಐನೂರ್ವರದೇ 1088ರ ತಮಿಳು ಶಾಸನ ದೊರೆತಿದೆ. ಸಮುದ್ರದಾಚೆಯ ಕರ್ಪೂರದ ತುಣುಕು ಬೇಲೂರು ಸೀಮೆಯ ಸ್ನಾನಗೃಹದ ಬಾಗಿಲವರೆಗೆ ಬರಲು ಎಷ್ಟು ಕೈಗಳನ್ನು ದಾಟಿರಬೇಕು!

ದೋರಸಮುದ್ರದ ಅರಮನೆ ಇಂದು ನಿಂತಿಲ್ಲ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ಬಂದು ಹೋದ ಮೇಲೆ, ಮೂರನೆಯ ಬಲ್ಲಾಳನ ಸಂಕಷ್ಟದ ದಿನಗಳೂ ಕಳೆದ ಮೇಲೆ, ಆ ನಗರ 'ಹಳೆಯ ಬೀಡು' ಎಂಬ ಹೆಸರಿಗೆ ಇಳಿಯಿತು. ಆದರೂ ಸ್ನಾನಸಂಸ್ಕೃತಿಯ ಗುರುತುಗಳು ಸುತ್ತಮುತ್ತ ಉಳಿದಿವೆ. ಹಳೇಬೀಡಿಗೆ ಸಮೀಪದ ಹುಲಿಕೆರೆಯಲ್ಲಿ 12ನೇ ಶತಮಾನದ ಮೆಟ್ಟಿಲುಬಾವಿಯಿದೆ. ಸೋಪಾನಗಳ ನಡುನಡುವೆ ಪುಟ್ಟ ಪುಟ್ಟ ಗುಡಿಗಳನ್ನು ಜೋಡಿಸಿದ ಈ ಪುಷ್ಕರಣಿಯನ್ನು ಹೊಯ್ಸಳೇಶ್ವರವನ್ನು ಕಂಡವರು ತಪ್ಪದೆ ನೋಡಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಯಾತ್ರಿಕರ ಬಂಡಿಗಳು ಹೆಚ್ಚಿದರೂ ಈ ಬಾವಿಯ ಕಡೆಗೆ ತಿರುಗುವವು ಕಡಮೆ. ಬೇಲೂರಿನ ಮದನಿಕೆಯರಲ್ಲಿ ಕನ್ನಡಿ ಹಿಡಿದವಳೂ ಕೇಶವನ್ನು ಸಿಂಗರಿಸಿಕೊಳ್ಳುವವಳೂ ಇದ್ದಾರೆ. ಅವರ ಅಲಂಕಾರ ಮಿಂದ ನಂತರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷಿ ದೇವಾಲಯಗಳ ದಾನಶಾಸನಗಳಲ್ಲಿದೆ. 'ಅಂಗಭೋಗ ರಂಗಭೋಗ' ಎಂಬ ಜೋಡಿ ಮಾತು ಹೊಯ್ಸಳರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರಂಗಭೋಗವೆಂದರೆ ದೇವರ ಮುಂದಿನ ನೃತ್ಯ ಗೀತ ವಾದ್ಯ. ಅಂಗಭೋಗವೆಂದರೆ ದೇವರ ಮೈಗೆ ಸಲ್ಲುವ ಸೇವೆ: ಮಜ್ಜನ, ಗಂಧ, ಹೂವು, ಧೂಪ. ಸೋಮೇಶ್ವರನು ಅರಸನ ವಿಷಯದಲ್ಲಿ ಬಳಸಿದ 'ಭೋಗ' ಶಬ್ದವೇ ಇಲ್ಲಿ ದೇವರಿಗೆ ಸಂದಿದೆ. ಅರಸನು ಹೇಗೆ ಮಿಂದನೋ ಹಾಗೆ ದೇವರಿಗೂ ಮಜ್ಜನವಾಗಬೇಕೆಂದು ಭಕ್ತರು ಗದ್ದೆ ತೋಟಗಳನ್ನು ಬಿಟ್ಟರು. ಜೈನರಲ್ಲಿಯೂ ಇದೇ ಭಾವನೆ. ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳದಲ್ಲಿ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕವಾಗುವಾಗ ಹಾಲು, ಅರಿಶಿನ, ಕಷಾಯ, ಶ್ರೀಗಂಧಗಳ ಧಾರೆ ಇಳಿಯುವುದನ್ನು 2018ರಲ್ಲಿ ನಾಡೆಲ್ಲ ಕಂಡಿತು. ಕಲ್ಲಿನ ದೇವರಿಗೆ ನೋವಿಲ್ಲ. ನೋವಿದ್ದ ಮೈಗಳಿಗೆ ಯಾವುದು ಹಿತವೆಂದು ತಿಳಿದಿತ್ತೋ ಅದನ್ನೇ ಜನರು ದೇವರಿಗೆ ಅರ್ಪಿಸಿದರು.

ಹಾಗಾದರೆ ಆ ಮೈಗಳ ಕಥೆಯೇನು? ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲಿನ ಜಾತಿಯ ಮೃದುಶಿಲೆ. ಹೊರತೆಗೆದ ಹೊಸದರಲ್ಲಿ ಮೆತ್ತಗಿದ್ದು ಗಾಳಿಗೆ ಬರುಬರುತ್ತ ಗಟ್ಟಿಯಾಗುವಂಥದು. ಮುಟ್ಟಿದರೆ ಸಾಬೂನಿನಂತೆ ಜಾರುವುದರಿಂದ ಇಂಗ್ಲಿಷರು ಅಂಥ ಕಲ್ಲನ್ನು ಸೋಪ್‌ಸ್ಟೋನ್ ಎಂದರು. ಅದೇ ಕುಲದ ಖನಿಜವನ್ನು ನುಣ್ಣಗೆ ಅರೆದು ಪರಿಮಳ ಬೆರೆಸಿ ಸ್ನಾನದ ನಂತರ ಮೈಗೆ ಹಾಕಿಕೊಳ್ಳುವ ಟಾಲ್ಕಂ ಪುಡಿ ಮಾಡುತ್ತಾರೆ. ಇದೊಂದು ವಿನೋದದ ಸಂಗತಿ, ಅಷ್ಟೆ. ಕಲ್ಲು ಮೃದುವಾದರೂ ಉಳಿ ಹಿಡಿದ ಕೈಗೆ ಬಿಡುವಿರಲಿಲ್ಲ. ದಾಸೋಜನ ಭುಜಕ್ಕೆ ಕೇದಗೆಯ ತೈಲವನ್ನು ತಿಕ್ಕಲು ಮಲ್ಲರು ಬರುತ್ತಿರಲಿಲ್ಲ. ಮಾನಸೋಲ್ಲಾಸದಲ್ಲಿ ಮೀಯುವವನಿಗೆ ಹೆಸರಿದೆ, ತಿಕ್ಕುವವನಿಗೆ ಹೆಸರಿಲ್ಲ. ಆ ಮಲ್ಲನ ತೋಳು ನೊಂದಾಗ ಅವನಿಗೆ ಯಾರು ತಿಕ್ಕಿದರೆಂದು ರಾಜಕವಿ ಕೇಳಲಿಲ್ಲ.

ಈ ಪ್ರಶ್ನೆಗೆ ಸ್ಥಾನ ದೊರೆತದ್ದು ಅದೇ ಕಲ್ಯಾಣ ಪಟ್ಟಣದಲ್ಲಿ. ಹಡಪ ಹಿಡಿಯುವ ಅಪ್ಪಣ್ಣ, ಬಟ್ಟೆ ಒಗೆಯುವ ಮಾಚಿದೇವ ಇವರು ಅನುಭವ ಮಂಟಪದಲ್ಲಿ ಅರಸನ ಮಂತ್ರಿಯ ಸಮಾನರಾಗಿ ಕುಳಿತರು. ನೀರಿನಲ್ಲಿ ಮುಳುಗಿದ ಮಾತ್ರಕ್ಕೆ ಪಾಪ ತೊಳೆಯುವುದೆಂಬ ನಂಬಿಕೆಯನ್ನು ಶರಣರು ಒಪ್ಪಲಿಲ್ಲ. ಅದನ್ನು ಹಿಡಿದುಕೊಂಡು ಅವರು ಸ್ನಾನವನ್ನೇ ಅಲ್ಲಗಳೆದರೆಂದು ವಾದಿಸುವವರಿದ್ದಾರೆ. ಅದು ಅವಿಚಾರದ ಮಾತು. ಮೈಯ ಕೊಳೆಗೆ ನೀರು ಬೇಕು, ದುಡಿದ ಮೈಗೆ ಬಿಸಿನೀರೇ ಬೇಕು. ಮುಂದೆ ಕೆಳದಿಯ ಬಸವಪ್ಪ ನಾಯಕನು 1709ರಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶವನ್ನು ಸೋಮೇಶ್ವರನ ಜಾಡಿನಲ್ಲಿಯೇ ರಚಿಸಿದನು. ವೀರಶೈವ ಅರಸನೊಬ್ಬನು ಲೌಕಿಕ ವಿದ್ಯೆಗಳನ್ನು ಕಡೆಗಣಿಸಲಿಲ್ಲವೆಂಬುದಕ್ಕೆ ಅದೇ ನಿದರ್ಶನ.

ಗ್ರಂಥಗಳ ಹೊರಗೆ ಜನಸಾಮಾನ್ಯರ ಅಭ್ಯಂಜನ ಉಳಿದು ಬಂದಿತು. ಬಯಲುಸೀಮೆಯ ಕಡೆ ಹರಳೆಣ್ಣೆ, ತೆಂಗಿನ ನಾಡಾದ ಅರಸೀಕೆರೆಯಲ್ಲಿ ಕೊಬ್ಬರಿ ಎಣ್ಣೆ, ಮಲೆನಾಡಿನ ಅಂಚಿನಲ್ಲಿ ಮತ್ತಿಸೊಪ್ಪಿನ ಲೋಳೆ. ಜಿಡ್ಡಿಗೆ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು. ಸೀಗೆಯಲ್ಲಿಯೂ ಅಂಟುವಾಳದಲ್ಲಿಯೂ ಸಪೋನಿನ್ ಎಂಬ ನೊರೆಗಾರ ವಸ್ತುವಿದೆಯೆಂದು ರಸಾಯನಶಾಸ್ತ್ರಜ್ಞರು ಆಮೇಲೆ ಹೇಳಿದರು. ದೀಪಾವಳಿಯ ಹಿಂದಿನ ಸಂಜೆ ಹಂಡೆ ತಿಕ್ಕಿ, ಪೂಜಿಸಿ, ನೀರು ತುಂಬುವ ಹಬ್ಬ. ಉತ್ತರ ಕರ್ನಾಟಕದ ನಮ್ಮ ಮನೆತನಗಳ ಮದುವೆಗಳಲ್ಲಿ ಅರಿಶಿನ ಎಣ್ಣೆ ಹಚ್ಚಿ ಸುರಗಿಯ ನೀರು ಹಾಕುವ ಶಾಸ್ತ್ರ. ಬಾಣಂತಿಗೆ ಸೊಪ್ಪಿನ ನೀರು, ಸಾಂಬ್ರಾಣಿಯ ಹೊಗೆ. ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳು ವಾರದ ಎಣ್ಣೆಸ್ನಾನವನ್ನೂ ಕಣ್ಣಿಗೆ ಬಿದ್ದ ಸೀಗೆಪುಡಿಯ ಉರಿಯನ್ನೂ ಮರೆತಿರಲಾರರು. ಇದು ಯಾವ ರಾಜನ ಗುಟ್ಟೂ ಅಲ್ಲ. ಪೊಟ್ಟಣದವರು ರಾಜನ ಹೆಸರನ್ನು ಕದಿಯುವ ಬದಲು ಅಜ್ಜಿಯ ಹೆಸರನ್ನು ಬರೆದಿದ್ದರೆ ಸತ್ಯಕ್ಕೆ ಹತ್ತಿರವಾಗುತ್ತಿತ್ತು.

ಈ ವಿದ್ಯೆ ಹೊರದೇಶಕ್ಕೂ ಹೋಯಿತು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತನು 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಗಿಡಮೂಲಿಕೆಗಳ ಹಬೆಯಲ್ಲಿ ಮೈ ಬೆವರಿಸಿ ಮರ್ದನ ಮಾಡುವ ಸ್ನಾನಗೃಹವನ್ನು ತೆರೆದನು. ಕೀಲುನೋವಿನಿಂದ ಬಳಲುತ್ತಿದ್ದ ಶ್ರೀಮಂತರು ಅವನಲ್ಲಿಗೆ ಬಂದರು. ಇಬ್ಬರು ಇಂಗ್ಲಿಷ್ ಅರಸರ ಸೇವೆಗೂ ಅವನು ನೇಮಕವಾದನು. 1822ರಲ್ಲಿ ತನ್ನ ಚಿಕಿತ್ಸೆಯನ್ನು ಕುರಿತು ಪುಸ್ತಕವನ್ನೂ ಬರೆದನು. ಆ ಚಿಕಿತ್ಸೆಯ ಹೆಸರು 'ಶಾಂಪೂಯಿಂಗ್'. ಒತ್ತು, ತಿಕ್ಕು ಎಂಬರ್ಥದ ಹಿಂದೀ ಮಾತಾದ 'ಚಾಂಪೋ' ಅದರ ಮೂಲ. ಇಂದು ಶಾಂಪೂ ಎಂದರೆ ತಲೆ ತೊಳೆಯುವ ದ್ರವ. ನೋವು ಕಳೆಯುವ ಕೈಯ ಒತ್ತಡವೆಂಬ ಮೊದಲ ಅರ್ಥ ಮಾಸಿಹೋಯಿತು.

ನಮ್ಮ ನಾಡಿನ ಪರಿಮಳಕ್ಕೆ ಆಧುನಿಕ ರೂಪ ಬಂದದ್ದು ಮೊದಲ ಮಹಾಯುದ್ಧದಿಂದ. ಅದುವರೆಗೆ ಮೈಸೂರಿನ ಶ್ರೀಗಂಧದ ಕೊರಡು ಜರ್ಮನಿ ಮೊದಲಾದ ದೇಶಗಳಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧದಿಂದ ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಭಾರತೀಯ ವಿಜ್ಞಾನ ಮಂದಿರದ ರಸಾಯನಜ್ಞರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಇಳಿಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದನ್ನು ಸಾಬೂನಿಗೆ ಬೆರೆಸುವ ಕ್ರಮವನ್ನು ರೂಢಿಸಿದರು. ಸಿಂಹದ ಮೈ, ಆನೆಯ ತಲೆಯುಳ್ಳ ಶರಭದ ಮುದ್ರೆಯೊಡನೆ ಹೊರಬಂದ ಮೈಸೂರು ಸ್ಯಾಂಡಲ್ ಸೋಪ್ ಇಂದಿಗೂ ಇದೆ. 1980ರಲ್ಲಿ ಈ ಕಾರ್ಖಾನೆಗಳು ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾದವು. ಅರಸನ ವಿಲೇಪನದ ಗಂಧ ಕೂಲಿಯವನ ಬಚ್ಚಲಿಗೆ ಬಂದ ದಿನವನ್ನು ನಾವು ಸಣ್ಣದೆಂದು ಎಣಿಸುವುದಿಲ್ಲ. ಗಂಧದ ಮರ ಮಾತ್ರ ವಿರಳವಾಯಿತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗ, ಕಳ್ಳರ ಕೊಡಲಿ, ಮರವೆಲ್ಲ ಸರ್ಕಾರದ್ದೆಂಬ ಕಾನೂನಿಗೆ ಹೆದರಿ ರೈತನು ಸಸಿಯನ್ನೇ ಕಿತ್ತೆಸೆದದ್ದು, ಎಲ್ಲವೂ ಕಾರಣ. 2001ರ ತಿದ್ದುಪಡಿಯಿಂದ ಹೊಲದ ಮರ ರೈತನದಾಯಿತು. ಆದರೆ ಚೇಗು ಬಲಿಯಲು ದಶಕಗಳೇ ಬೇಕು.

ನೋವು ನಿಜವಾಗಿ ಹೋಗುವುದೇ ಎಂದು ವಾಚಕರು ಕೇಳಬಹುದು. ಬಿಸಿನೀರಿನಿಂದ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲುತ್ತದೆ, ಮರ್ದನವೂ ಹಾಗೆಯೇ. ಪರಿಮಳದ ಕೆಲಸ ಮುಖ್ಯವಾಗಿ ಮನಸ್ಸಿನ ಮೇಲೆ. ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿನೀರಿನಿಂದ ಹೆಸರಾದ ಎಪ್ಸಮ್ ಉಪ್ಪನ್ನು ನೀರಿಗೆ ಹಾಕುವ ರೂಢಿ ಈಗ ಹೆಚ್ಚಿದೆ. ಆ ಉಪ್ಪು ಚರ್ಮದ ಮೂಲಕ ಒಳಗಿಳಿದು ನೋವು ಕಳೆಯುತ್ತದೆಂಬುದಕ್ಕೆ ಪುರಾವೆ ತೀರ ದುರ್ಬಲ, ಹಿತ ಕೊಡುವುದು ಬಹುಪಾಲು ಬಿಸಿನೀರೇ. ಸೀಸೆಯ ಗಟ್ಟಿ ಸುಗಂಧತೈಲವನ್ನು ನೇರವಾಗಿ ಮೈಗೆ ಹಚ್ಚಿದರೆ ಚರ್ಮ ಉರಿದು ಬೊಬ್ಬೆಯೇಳಬಹುದು. ಅಡಿಗೆಯ ಎಣ್ಣೆಯಲ್ಲಿ ಒಂದೆರಡು ಹನಿ ಬೆರೆಸಿಕೊಳ್ಳಬೇಕು. ಹೃದ್ರೋಗವುಳ್ಳವರೂ ವೃದ್ಧರೂ ಅತಿ ಬಿಸಿಯಾದ ನೀರಿನಲ್ಲಿ ಬಹಳ ಹೊತ್ತು ಇರಬಾರದು.

ಹಾಸನ ಸೀಮೆಯ ಹಳ್ಳಿಗಳಲ್ಲಿ ಬದುಗಳ ಮೇಲೆ ಲಕ್ಕಿಗಿಡ ತಾನಾಗಿ ಬೆಳೆಯುತ್ತದೆ. ಸಂಸ್ಕೃತದ ನಿರ್ಗುಂಡಿ ಇದೇ. ಕೀಲುನೋವಿಗೆ ವೈದ್ಯರು ಹೇಳುವ ಇದರ ಎಲೆಯನ್ನು ಒಂದು ಹಿಡಿ ಕೊಯ್ದು, ಬೇವಿನೆಲೆಯೊಡನೆ ಹಂಡೆಯ ನೀರಿಗೆ ಹಾಕಿ, ನೀರು ಕಂದುಬಣ್ಣಕ್ಕೆ ತಿರುಗಿ ಬಚ್ಚಲೆಲ್ಲ ಅದರ ಕಟುಪರಿಮಳ ತುಂಬುವವರೆಗೆ ಕುದಿಸುತ್ತಾರೆ. ಅರ್ಧ ಗಂಟೆ ಮೊದಲು ಬೆಚ್ಚಗಿನ ಹರಳೆಣ್ಣೆಯನ್ನು ಸೊಂಟ ಮೊಣಕಾಲುಗಳಿಗೆ ತಿಕ್ಕಿರುತ್ತಾರೆ. ತಣ್ಣೀರು ಬೆರೆಸಿ ಮೈ ತಡೆಯುವಷ್ಟು ಬಿಸಿಮಾಡಿ, ಚೊಂಬುಚೊಂಬಾಗಿ ನೋವಿನ ಜಾಗಕ್ಕೆ ಹುಯ್ದುಕೊಂಡು, ಒರೆಸಿಕೊಂಡ ಮೇಲೆ ಗಾಳಿಗೆ ಮೈಯೊಡ್ಡದೆ ಕಂಬಳಿ ಹೊದ್ದು ಮಲಗುತ್ತಾರೆ; ಎದ್ದಾಗ ಮೆಣಸಿನ ಸಾರು ಸಿದ್ಧವಾಗಿರುತ್ತದೆ.